ಪಾಂಚಿತಾಳ ಮೊದಲ ತುತ್ತು

ಜೂನ್ 3, ಮಂಗಳವಾರ

ಆರೋಗ್ಯ ಕೇಂದ್ರದ ನರ್ಸ್ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದಳು. "ಸೆನ್ಯೋರಾ ನೆಲಿದಾ, ಹಿಂಗೇ ಕೂಗಾಡ್ತಿದ್ರೆ ಒಂದಿನ ತಲೇಲಿ ನರ ಸಿಡಿಯತ್ತೆ. ಸಿಟ್ಟು ಬಂದಾಗ ಬಾಯಿ ಮುಚ್ಕೊಂಡು ಬರೀರಿ" ಎಂದಳು. ಬರೆಯುತ್ತಿದ್ದೇನೆ. ಪುಸ್ತಕ ಕೊಳ್ಳಬೇಕಾಗಲಿಲ್ಲ. ಲೀಮಾದ ಮಕ್ಕಳು ಅರ್ಧ ಬರೆದು ಎಸೆದ ನೋಟುಬುಕ್ಕುಗಳು ನಮ್ಮ ಶೆಡ್ಡಿನಲ್ಲಿ ರಾಶಿ ಬಿದ್ದಿವೆ. ಇದರ ಮೊದಲ ಪುಟಗಳಲ್ಲಿ ಯಾವನೋ ಭಾಗಾಕಾರವನ್ನೆಲ್ಲ ತಪ್ಪು ಮಾಡಿಟ್ಟಿದ್ದಾನೆ. ಅದನ್ನು ನೋಡಿದರೂ ಸಿಟ್ಟು ಬರುತ್ತದೆ.

ಸಿಟ್ಟಿಗೆ ಕಾರಣ ಬೇಕೇ? ಶೆಡ್ಡಿನ ಹಿಂದೆ ಹೋಗಿ ನೋಡಿ. ಆಯ್ದು ತಂದ ಬಾಟಲಿಗಳಲ್ಲಿ ಬಣ್ಣವಿಲ್ಲದವನ್ನು ಕೊಳ್ಳುವವರಿದ್ದಾರೆ. ಎಣ್ಣೆಯದು, ಹಸಿರು, ಕಪ್ಪು, ಕೇಕಿನ ಡಬ್ಬಿ ಇವು ಯಾರಿಗೂ ಬೇಡ. ವರ್ಷಗಳಿಂದ ಬಿದ್ದು ಬಿದ್ದು ಗುಡ್ಡೆಯಾಗಿದೆ. ಪಕ್ಕದ ಬೀದಿಯ ಗೋದಾಮಿಗೆ ಬೆಂಕಿ ಬಿದ್ದ ಮೇಲೆ ನಗರಸಭೆಗೆ ಇದ್ದಕ್ಕಿದ್ದಂತೆ ಕಣ್ಣು ಬಂದಿದೆ. ಜುಲೈ ಮುಗಿಯುವುದರೊಳಗೆ ಗುಡ್ಡೆ ಎತ್ತದಿದ್ದರೆ ಶೆಡ್ಡಿಗೆ ಬೀಗ. ಬೀಗ ಬಿದ್ದರೆ ಕಸ ಆಯುವ ನಮ್ಮ ಸಂಘದ ಹೆಂಗಸರೆಲ್ಲ ಮತ್ತೆ ಬೀದಿಗೆ, ಮತ್ತೆ ಒಂದೊಂದು ಚೀಲಕ್ಕೂ ನಾಯಿಗಳ ಜೊತೆ ಜಗಳ.

ಇಷ್ಟು ಸಾಲದು ಎಂದು ಫೋರ್ತುನಾತಾ. ನನ್ನ ಮಗಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಧರ್ಮತಾಯಿ ಅವಳು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಒಂದೇ ಗಾಡಿ ತಳ್ಳಿಕೊಂಡು ಈ ಊರಿನ ಕಸವೆಲ್ಲ ಜಾಲಾಡಿದವರು. ಈಗ ಅವಳು ಹೆದ್ದಾರಿಯ ಆಚೆ, ಬಾಟಲಿ ಕರಗಿಸುವ ಹೊಸ ಕಾರ್ಖಾನೆಯ ಗೇಟಿನಲ್ಲಿ ನೀಲಿ ಕೋಟು ಹಾಕಿಕೊಂಡು ನಿಂತಿದ್ದಾಳೆ. ಎದೆಯ ಮೇಲೆ ಹೆಸರಿನ ಪಟ್ಟಿ ಬೇರೆ. ನನಗೆ ಹೇಳಿದ್ದು ಸೇರಿದ ಮೇಲೆ! ಆ ಕೋಟಿನಲ್ಲಿ ಸರ್ಕಸ್ಸಿನ ಗಿಳಿಯಂತೆ ಕಾಣುತ್ತಾಳೆ. ಅದನ್ನೇ ಅವಳ ಮುಖಕ್ಕೆ ಹೇಳಿ ಬಂದೆ.

ಜೂನ್ 9, ಸೋಮವಾರ

ಕಾರ್ಖಾನೆಯ ಇಂಜಿನಿಯರಮ್ಮ ಶೆಡ್ಡಿಗೆ ಬಂದಿದ್ದಳು. ಹೆಸರು ಹಿಮೇನಾ. ಇನ್ನೂ ಎಳೆ ಪ್ರಾಯ, ಬಿಳಿ ಶೂ. ನಮ್ಮ ಶೆಡ್ಡಿಗೆ ಬಿಳಿ ಶೂ ಹಾಕಿಕೊಂಡು ಬರುವವರನ್ನು ಕಂಡರೇ ನನಗೆ ಆಗುವುದಿಲ್ಲ.

ತನ್ನ ಕೊರಳಿನ ಮಣಿಸರ ಎತ್ತಿ ತೋರಿಸಿ ವಿವರಿಸಿದಳು. ಬಾಟಲಿಯೆಂದರೆ ಪೋಣಿಸಿದ ಮಣಿಸರವಂತೆ. ಚೂರು ಮಾಡಿ ಒಂದು ದ್ರವದಲ್ಲಿ ಕುದಿಸಿದರೆ ದಾರ ಬಿಟ್ಟುಕೊಂಡು ಮಣಿಗಳು ಬೇರೆ ಬೇರೆಯಾಗುತ್ತವಂತೆ. ಬಣ್ಣ, ಕೊಳೆ ಎಲ್ಲ ಸೋಸಿ ತೆಗೆದು ಮಣಿಗಳನ್ನು ಮತ್ತೆ ಪೋಣಿಸಿದರೆ ಹೊಸ ಬಾಟಲಿ.

"ಅಂದ್ರೆ ಬಣ್ಣ ನೋಡಿ ಬೇರೆ ಮಾಡೋದೇ ಬೇಡ್ವಾ?" ಎಂದೆ.

"ಬೇಡ ಸೆನ್ಯೋರಾ. ಯಾರೂ ತಗೊಳ್ದೆ ಇರೋದನ್ನೇ ನಂಗೆ ಕೊಡಿ. ನಿಮ್ಮ ಆ ಗುಡ್ಡೇನೇ ಬೇಕು. ಮೊದಲು ಒಂದು ಲೋಡು ಪರೀಕ್ಷೆಗೆ, ಅದು ಸರಿಹೋದ್ರೆ ಎಲ್ಲಾನೂ ತಗೋತೀವಿ. ಕೊಳಕಾಗಿದ್ರೂ ಪರವಾಗಿಲ್ಲ, ತೊಳೀಬೇಡಿ, ಹೆಂಗಿದ್ಯೋ ಹಂಗೇ ಕಳ್ಸಿ."

ಕೊಳಕಾಗಿದ್ದರೂ ಪರವಾಗಿಲ್ಲವಂತೆ! ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುವಾಗ ಮನಸ್ಸಿನಲ್ಲಿ ಅಂದುಕೊಳ್ಳುವ ಮಾತನ್ನು ಇವಳು ನಗುನಗುತ್ತಾ ಬಾಯಿಬಿಟ್ಟು ಹೇಳಿದಳು. ಕೊಳಕರು ಕೊಳಕನ್ನಲ್ಲದೆ ಇನ್ನೇನು ಕೊಟ್ಟಾರು ಎಂದು ತಾನೆ? ಆಮೇಲೂ ಅವಳು ಏನೇನೋ ಹೇಳುತ್ತಿದ್ದಳು. ನನಗೆ ಕಿವಿಯಲ್ಲಿ ರಕ್ತ ಬಡಿಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಜೂನ್ 15, ಭಾನುವಾರ

ಸಂಘದವರು ಕೈ ಎತ್ತಿ ಒಪ್ಪಿದರು. ನಾನೂ ಎತ್ತಿದೆ. ಬೀಗಕ್ಕಿಂತ ಬಿಳಿ ಶೂ ವಾಸಿ.

ನಮ್ಮಲ್ಲಿ ಹೊಸ ಗಾಡಿ ಬಂದರೂ, ಹೊಸ ಒಲೆ ಹಚ್ಚಿದರೂ ಅದಕ್ಕೊಂದು ನಾಮಕರಣ, ಅದಕ್ಕೊಬ್ಬ ಧರ್ಮತಾಯಿ. ಕಾರ್ಖಾನೆಯ ಕುದಿಸುವ ಯಂತ್ರಕ್ಕೂ ಬೇಕಲ್ಲ. ಹೆಂಗಸರು ಅದರ ಡೊಳ್ಳು ಹೊಟ್ಟೆ ನೋಡಿ ಆಗಲೇ ಪಾಂಚಿತಾ ಎಂದು ಹೆಸರಿಟ್ಟಾಗಿದೆ. ಧರ್ಮತಾಯಿ ಯಾರಾಗಬೇಕು ಎಂದಾಗ, ನೆಲಿದಾಳೇ ಆಗಬೇಕು ಎಂದು ಮ್ಯಾನೇಜರನಿಗೆ ಹೇಳಿದವಳು ಫೋರ್ತುನಾತಾ!

ನನಗೆ ಇದೆಲ್ಲ ಅರ್ಥವಾಗದೆ ಇಲ್ಲ. ನನ್ನ ಬಾಯಿಗೆ ಬೀಗ ಹಾಕುವ ಉಪಾಯ. ಆದರೆ ಧರ್ಮತಾಯಿಯಾಗು ಎಂದು ಕರೆದರೆ ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದವರನ್ನು ನಮ್ಮ ಬೀದಿಯಲ್ಲಿ ಯಾರೂ ಮತ್ತೆ ಮನೆಯೊಳಗೆ ಕರೆಯುವುದಿಲ್ಲ. ಮನಸ್ಸಿನಲ್ಲೇ ಅವಳಿಗೆ ಶಾಪ ಹಾಕುತ್ತಾ ಹೂಂ ಎಂದೆ.

ಜೂನ್ 27, ಶುಕ್ರವಾರ

ಕೈಯೆಲ್ಲ ಒಡೆದು ಉರಿಯುತ್ತಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಧರ್ಮತಾಯಿ ಬರಿಗೈಯಲ್ಲಿ ಹೋಗುವುದುಂಟೇ? ಮಗುವಿಗೆ ಮೊದಲ ಬಟ್ಟೆ, ಮೊದಲ ತುತ್ತು ಅವಳದೇ. ಯಂತ್ರಕ್ಕೆ ಬಟ್ಟೆ ಹೊಲಿಸಲಾಗದು, ತುತ್ತಾದರೂ ಸರಿಯಾಗಿ ಕೊಡಬೇಕಲ್ಲ. ಎಣ್ಣೆ ಜಿಡ್ಡು, ಜಿರಳೆ ಹಿಕ್ಕೆ, ಇಲಿ ಮೂತ್ರ ಇರುವುದನ್ನು ಧರ್ಮದ ಮಗಳ ಬಾಯಿಗೆ ಹಾಕಿ ಊರೆಲ್ಲ ನಗಲಿ ಎಂದೇ? ತೊಳೆಯೋಣ ಎಂದೆ.

"ಆಕೆ ತೊಳೀಬೇಡಿ ಅಂದಿದ್ಲಲ್ಲ?" ಎಂದಳು ಮುದುಕಿ ಸಬೀನಾ.

"ನಿನ್ನ ಮೊಮ್ಮಗೂನ ಕೆಸರು ಮೆತ್ಕೊಂಡೇ ಇಗರ್ಜಿಗೆ ಕರ್ಕೊಂಡ್ಹೋಗಿದ್ಯಾ?" ಎಂದೆ. ತೋಳು ಏರಿಸಿಕೊಂಡು ಬಾಟಲಿ ಎತ್ತತೊಡಗಿದಳು.

ನೀರಿನ ಟ್ಯಾಂಕರಿನವನು ಎಂದಿನಂತೆ ಎರಡೇ ಡ್ರಮ್ಮು ತುಂಬಿಸಿ ಗುಡ್ಡ ಇಳಿದು ಹೋದ. ಇದ್ದ ನೀರಿಗೆ ಮೂಟೆ ಸೋಪಿನ ಪುಡಿ ಸುರಿದು, ನಿಂಬೆ ವಾಸನೆಯದು, ಚೆನ್ನಾಗಿರುವುದು, ಎಲ್ಲರೂ ಸುತ್ತ ಕೂತು ಉಜ್ಜಿದೆವು. ಜಾಲಾಡಿಸಲು ನೀರು ಸಾಲಲಿಲ್ಲ. ಒರೆಸಿ, ಹಗ್ಗದ ಮೇಲೆ ನೇತುಹಾಕಿದೆವು. ಮಧ್ಯಾಹ್ನ ಮಂಜು ಸ್ವಲ್ಪ ಸರಿದು ಬಿಸಿಲು ಬಿದ್ದಾಗ ಹಸಿರು ಬಾಟಲಿಗಳು ಇಗರ್ಜಿಯ ಕಿಟಕಿಯ ಗಾಜಿನ ಹಾಗೆ ಹೊಳೆದವು. ಎಲ್ಲರೂ ಹಾಡುತ್ತಿದ್ದರು. ಹಾಡು ಎತ್ತಿಕೊಡುವುದು ಯಾವಾಗಲೂ ಫೋರ್ತುನಾತಾ. ಅವಳಿಲ್ಲದೆ ಎಲ್ಲರೂ ಬೇರೆ ಬೇರೆ ಶ್ರುತಿಯಲ್ಲಿ ಒದರಿದರು. ಅದಕ್ಕೂ ಅವಳ ಮೇಲೆ ಸಿಟ್ಟು ಬಂತು.

ಜೂನ್ 29, ಭಾನುವಾರ

ಬೆಳಗ್ಗೆ ಹಸಿರು ಸ್ವೆಟರ್ ಹಾಕಿಕೊಂಡು ಚೀಲಗಳ ಜೊತೆ ಹೋದೆ. ಗೇಟಿನಲ್ಲಿ ಗಿಳಿ ನಿಂತಿತ್ತು. ಒಂದು ಚೀಲದ ಬಾಯಿ ಬಿಚ್ಚಿ, ಮೂಗು ಹತ್ತಿರ ತಂದು ಮೂಸಿ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಕಟ್ಟಿ ಒಳಗೆ ಬಿಟ್ಟಳು. ಏನು ಗತ್ತು! ತಾನು ಈ ಚೀಲಗಳನ್ನು ಹೊತ್ತೇ ಇಲ್ಲವೇನೋ ಎಂಬಂತೆ.

ಪಾದ್ರಿ ನೀರು ಚಿಮುಕಿಸಿದರು. ಪಾಂಚಿತಾಳ ಕುತ್ತಿಗೆಗೆ ರಿಬ್ಬನ್ನಿನಲ್ಲಿ ತೂಗುಹಾಕಿದ್ದ ವೈನ್ ಬಾಟಲಿಯನ್ನು ರಿಬ್ಬನ್ ಸುತ್ತಿದ ಸುತ್ತಿಗೆಯಿಂದ ಒಂದೇ ಏಟಿಗೆ ಒಡೆದೆ. "ಅಪ್ಪ ಯಾರು ಅಂತ ಮಾತ್ರ ಕೇಳ್ಬೇಡಿ!" ಎಂದು ಸಬೀನಾ ಕೂಗಿದಳು. ಪಾದ್ರಿಯೂ ನಕ್ಕರು. ನಾನೂ ನಕ್ಕಿರಬೇಕು. ಬಾಟಲಿಗಳನ್ನು ಚೂರು ಮಾಡಿ, ಒಣಗಿಸಿ, ಒಳಗೆ ಸುರಿದರು. ಅಂಗಳದಲ್ಲಿ ಬಾತುಕೋಳಿ ಅನ್ನ, ಒಂದೇ ಗ್ಲಾಸಿನಲ್ಲಿ ಕೈಯಿಂದ ಕೈಗೆ ಬಿಯರು.

ಊಟ ಮುಗಿದಿರಲಿಲ್ಲ. ಒಳಗೆ ಏನೋ ಕೊಸಕೊಸ ಎನ್ನುವ ಸದ್ದು. ನೊರೆ. ಹಾಲು ಉಕ್ಕಿದ ಹಾಗೆ ನೊರೆ, ಮುಚ್ಚಳದ ಸಂದಿಯಿಂದ, ಕೊಳವೆಯ ಬಾಯಿಂದ, ಕುದಿಯುತ್ತಾ ಹೊರಗೆ. ಎಲ್ಲರೂ ಬಾಗಿಲಿಗೆ ಓಡಿದೆವು. ಒಬ್ಬಳು ಮಾತ್ರ, ಆ ನೀಲಿ ಕೋಟಿನವಳು, ಒಳಗೆ ಓಡಿದಳು. ಕವಾಟ ತಿರುಗಿಸಿ ನಿಲ್ಲಿಸಿದವಳು ಅವಳೇ.

ಜೂನ್ 30

ಅವಳ ಬಲಗೈ ಬೆಂದಿದೆ. ಬೆರಳಿನಿಂದ ಮಣಿಕಟ್ಟಿನ ತನಕ. ಆ ಕೂಗು ಕಿವಿಯಿಂದ ಹೋಗುತ್ತಿಲ್ಲ.

ದರಿದ್ರ ಯಂತ್ರ. ದರಿದ್ರ ಇಂಜಿನಿಯರಮ್ಮ. ದರಿದ್ರ ನೀಲಿ ಕೋಟು.

ಜುಲೈ 2, ಬುಧವಾರ

ಹಿಮೇನಾ ಬಂದಳು. ಶೂ ಇವತ್ತು ಬಿಳಿ ಇರಲಿಲ್ಲ.

"ಬಾಟ್ಲಿಗೆ ಏನಾದ್ರೂ ಹಾಕಿದ್ರಾ?" ಎಂದಳು. ಹೆಂಗಸರೆಲ್ಲ ಏನೋ ಬೀಳಿಸಿಕೊಂಡವರಂತೆ ನೆಲ ನೋಡಿದರು.

"ನಾವು ಕೊಟ್ಟಿದ್ದು ಬಾಟ್ಲಿ, ಬಾಂಬಲ್ಲ" ಎಂದೆ. "ನಿಮ್ಮ ಯಂತ್ರಕ್ಕೆ ಅನ್ನ ಅರಗಲ್ಲ ಅಂದ್ರೆ ಅಡುಗೆಯವ್ರನ್ನ ಬೈಬೇಡಿ."

ಅವಳು ಜಗಳಕ್ಕೆ ಬರಲಿಲ್ಲ. ಅದೇ ಇನ್ನೂ ಸಿಟ್ಟು ಬರಿಸಿತು. ಹೊರಡುವಾಗ ಹೇಳಿದಳು: ಫೋರ್ತುನಾತಾ ಆಸ್ಪತ್ರೆಯ ಮಂಚದ ಮೇಲಿಂದಲೇ ಮ್ಯಾನೇಜರನಿಗೆ, ಚೀಲ ಬಿಚ್ಚಿ ನೋಡದೆ ಒಳಗೆ ಬಿಟ್ಟಿದ್ದು ತನ್ನದೇ ತಪ್ಪು, ಸಂಘದವರದಲ್ಲ ಎಂದಳಂತೆ. ಅವನು ಕೆಲಸದಿಂದ ತೆಗೆದಿದ್ದಾನೆ. ಎರಡನೇ ಪರೀಕ್ಷೆಯ ಮಾತು ಸದ್ಯಕ್ಕಿಲ್ಲ.

ಬಿಚ್ಚಿ ನೋಡಲಿಲ್ಲವಂತೆ! ಬಿಚ್ಚಿದ್ದನ್ನು, ಮೂಸಿದ್ದನ್ನು ನಾನು ಈ ಕಣ್ಣಾರೆ ಕಂಡಿದ್ದೇನೆ. ಸಂತಳಾಗು ಎಂದು ಇವಳನ್ನು ಕೇಳಿದವರು ಯಾರು? ಯಾರಪ್ಪನ ಮನೆಯ ಗಂಟು ಹೋಗುತ್ತಿತ್ತು ನಿಜ ಹೇಳಿದ್ದರೆ? ಇಂಥ ಸುಳ್ಳುಬುರುಕಿಯನ್ನು ನನ್ನ ಮಗಳಿಗೆ ಧರ್ಮತಾಯಿ ಮಾಡಿದೆನಲ್ಲ, ನನಗೆ ಮೆಟ್ಟಿನಲ್ಲಿ ಹೊಡೆದುಕೊಳ್ಳಬೇಕು.

ಜುಲೈ 6, ಭಾನುವಾರ

ಬೈಯುವುದಕ್ಕೆಂದೇ ಹೋದೆ. ಕೋಳಿ ಸಾರು ದಾರಿಯಲ್ಲಿ ಸಿಕ್ಕಿತೆಂದು ತೆಗೆದುಕೊಂಡು ಹೋದದ್ದಲ್ಲ, ಬೆಳಗ್ಗೆ ಎದ್ದು ಮಾಡಿದ್ದೇ, ಆದರೆ ಅದು ಬೇರೆ ವಿಷಯ. ಅವಳ ಮನೆ ಗುಡ್ಡದ ನೆತ್ತಿಯಲ್ಲಿ. ಆ ಮೆಟ್ಟಿಲು ಕಟ್ಟಿದವನಿಗೂ ಬೈದುಕೊಂಡು ಹತ್ತಿದೆ.

ಕೈಗೆ ದಪ್ಪ ಬ್ಯಾಂಡೇಜು. ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಸಾರು ಮೈಮೇಲೆ ಚೆಲ್ಲಿಕೊಂಡಳು. ಚಮಚ ಕಿತ್ತುಕೊಂಡು ನಾನೇ ಕುಡಿಸಿದೆ.

"ಉಪ್ಪಿಲ್ಲ" ಎಂದಳು.

"ನಾಲಿಗೇನೂ ಸುಟ್ಕೊಂಡ್ಯಾ?"

ನಕ್ಕಳು. ನಾನು ನಗಲಿಲ್ಲ. "ಚೀಲ ಮೂಸಿದ್ಯಲ್ಲೇ, ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೇ ಏನು? ನಿಂಬೆ ಸೋಪು ಗಮ್ ಅಂತಿತ್ತು. ಸೋಪಿದ್ರೆ ನೊರೆ ಬರತ್ತೆ, ಒಳಗೆ ಬಿಡ್ಬೇಡ ಅಂತ ಇಂಜಿನಿಯರಮ್ಮ ನಂಗೂ ಹೇಳಿದ್ರು, ನಿಮಗೂ ಹೇಳಿದ್ರು."

"ಮತ್ತೆ ಬಾಯಿಗೇನು ಬಂದಿತ್ತು ನಿಂಗೆ?"

ಅವಳು ಕಿಟಕಿಯ ಕಡೆ ತಿರುಗಿದಳು. "ನಿನ್ನ ಮುಖ ನೋಡ್ದೆ ಕೊಮಾದ್ರೆ. ಹಸಿರು ಸ್ವೆಟರ್ ಹಾಕ್ಕೊಂಡು, ತಲೆ ಬಾಚ್ಕೊಂಡು, ಯಾರೋ ನಿನ್ನ ಮುಂಬಾಗ್ಲಿಂದ ಕರ್ದಿದ್ರು. ಅಷ್ಟು ಜನರ ಎದುರಿಗೆ, ಇದನ್ನ ವಾಪಸ್ ತಗೊಂಡ್ಹೋಗು ಅಂತ ಹೆಂಗೇ ಹೇಳ್ಲಿ? ಸ್ವಲ್ಪ ನೊರೆ ಬರಬಹುದು, ಬಂದ್ರೆ ಬರ್ಲಿ ಅಂದ್ಕೊಂಡೆ. ಇಷ್ಟು ಉಕ್ಕತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

ಪಕ್ಕದ ಮನೆಯವರು ಬಂದು ಇಣುಕುವ ತನಕ ಕೂಗಾಡಿದೆ. ಕತ್ತೆ ಎಂದೆ, ಮೂರ್ಖಿ ಎಂದೆ, ಕೈ ಹೋದರೆ ನಿನಗೆ ಯಾರು ಅನ್ನ ಹಾಕುತ್ತಾರೆ ಎಂದೆ. "ನಿನ್ನ ಸಾರಂತೂ ಬೇಡ" ಎಂದಳು. ಮೆಟ್ಟಿಲು ಇಳಿಯುವಾಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಈ ಮಂಜಿನ ಕಾಲ ಯಾವಾಗ ಮುಗಿಯುತ್ತದೋ. ಸಾರಿನ ಪಾತ್ರೆ ಅಲ್ಲೇ ಬಿಟ್ಟು ಬಂದಿದ್ದೇನೆ. ನಾಳೆ ಮತ್ತೆ ಹೋಗಬೇಕು.

ಜುಲೈ 8, ಮಂಗಳವಾರ

ಕಾರ್ಖಾನೆಗೆ ಹೋದೆ. ಇಂಜಿನಿಯರಮ್ಮನನ್ನು ಅಂಗಳದಲ್ಲೇ ಹಿಡಿದೆ.

"ಕೈ ಸುಟ್ಕೊಂಡು ನಿಮ್ಮ ಯಂತ್ರ ಉಳಿಸಿದವಳನ್ನ ಮನೆಗೆ ಕಳ್ಸಿದ್ದೀರಲ್ಲ, ಅನ್ನ ತಿಂತೀರೋ ಇನ್ನೇನಾದ್ರೂ ತಿಂತೀರೋ? ಅವಳೇನು ಮಾಡಿದ್ಲು? ತೊಳೆದವಳು ನಾನು! ಸೋಪು ಹಾಕಿಸಿದವಳು ನಾನು! ಬೇಡ ಅಂದವ್ರ ಬಾಯಿ ಮುಚ್ಚಿಸಿದವಳು ನಾನು! ತೆಗೀಬೇಕಾದ್ರೆ ನನ್ನ ತೆಗೀರಿ!"

"ನೀವು ನಮ್ಮಲ್ಲಿ ಕೆಲಸಕ್ಕೇ ಇಲ್ವಲ್ಲ ಸೆನ್ಯೋರಾ" ಎಂದಳು ಅವಳು ಮೆಲ್ಲಗೆ.

ಇದೊಂದು ಕುಹಕ ಬೇರೆ. ಆಮೇಲೆ ಹೇಳಿದಳು: "ನಂಗೆ ಅವತ್ತೇ ಗೊತ್ತಾಯ್ತು. ಕಾರ್ಖಾನೆಯೆಲ್ಲ ಎರಡು ದಿನ ನಿಂಬೆ ವಾಸನೆ ಹೊಡೀತಿತ್ತು. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ. ಅಲ್ಲ, ಯಾಕೆ ತೊಳೆದ್ರಿ? ನಾನು ಅಷ್ಟು ಸಲ ಹೇಳಿದ್ನಲ್ಲ."

"ನೀವು ನಮ್ಮನ್ನ ಕೊಳಕರು ಅಂದ್ರಿ."

"ನಾನಾ?" ಎಂದಳು. ಮುಖ ಕೆಂಪಗಾಯಿತು. ಬೇಕಂತಲೇ ಅಂದವಳ ಮುಖ ಹಾಗಾಗುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೂ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳಲು ನಾನೇನು ಅಲ್ಲಿಗೆ ಹೋಗಿರಲಿಲ್ಲ.

ಮ್ಯಾನೇಜರನ ಕೋಣೆಗೆ ಇಬ್ಬರೂ ಹೋದೆವು. ಅಲ್ಲಿ ಅವಳು ಕೂಗಿದ್ದು ನೋಡಿ ನಾನೇ ದಂಗಾದೆ. ಕೊನೆಗೆ ಅವನು ಒಪ್ಪಿದ: ಇನ್ನೊಂದೇ ಒಂದು ಪರೀಕ್ಷೆ. ಅದು ಸರಿಹೋದರೆ ಗುಡ್ಡೆಯನ್ನೂ ತೆಗೆದುಕೊಳ್ಳುತ್ತಾರೆ, ಫೋರ್ತುನಾತಾಳನ್ನೂ. ಹೋಗದಿದ್ದರೆ ಎರಡೂ ಇಲ್ಲ. ಗೇಟಿಗೆ ಬೇರೆ ಯಾರನ್ನಾದರೂ ಹಾಕುತ್ತೇನೆ ಎಂದ. ಅದು ಅವಳ ಜಾಗ, ಕೈ ವಾಸಿಯಾಗುವ ತನಕ ನಾನು ನಿಲ್ಲುತ್ತೇನೆ, ಬೇರೆ ಯಾರಾದರೂ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದೆ.

ಜುಲೈ 14, ಸೋಮವಾರ

ಕೋಟಿನ ತೋಳು ಗಿಡ್ಡ. ಜೇಬಿನಲ್ಲಿ ಅವಳ ಸೋಂಪಿನ ಮಿಠಾಯಿ ಅಂಟಿಕೊಂಡಿದೆ. ದಿನವಿಡೀ ನಿಂತು ಕಾಲು ಊದಿದೆ. ಈ ಕೆಲಸವನ್ನು ಅವಳು ಹೇಗೆ ಮಾಡುತ್ತಿದ್ದಳೋ.

ಸಂಜೆ ಪಾತ್ರೆ ತರಲು ಹೋಗಿದ್ದೆ. ಉಪ್ಪು ಈಗ ಜಾಸ್ತಿಯಂತೆ.

ಜುಲೈ 21, ಸೋಮವಾರ

ಇವತ್ತು ಗುಡ್ಡೆಯಿಂದ ಬಾಟಲಿ ಹಾಗೆಹಾಗೇ ಎತ್ತಿ ತುಂಬಿದೆವು. ಜಿಡ್ಡು, ಮಣ್ಣು, ಸತ್ತ ಜಿರಳೆ ಸಮೇತ. ಒಂದು ಬಾಟಲಿಯನ್ನು ಸಬೀನಾ ಅಭ್ಯಾಸಬಲದಿಂದ ಶಾಲಿನ ತುದಿಯಲ್ಲಿ ಒರೆಸಿದಳು. ಅವಳ ಕೈಮೇಲೆ ಹೊಡೆದೆ. ಆಮೇಲೆ ಅವಳ ಮುಖ ನೋಡಿ ನನಗೇ ಅಳು ಬಂತು. ಜೀವನವಿಡೀ ಕೈ ಉಜ್ಜಿ ಉಜ್ಜಿ ಬಸ್ಸು ಹತ್ತಿದವರು ನಾವು. ಈ ಚೀಲಗಳನ್ನು ಮುಂಬಾಗಿಲಿನಿಂದ ಒಳಗೆ ತೆಗೆದುಕೊಂಡು ಹೋಗುವುದೆಂದರೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಡೆದ ಹಾಗಿತ್ತು.

ಗೇಟಿನಲ್ಲಿ ನಾನೇ ಬಿಚ್ಚಿದೆ, ನಾನೇ ಮೂಸಿದೆ. ನಿಂಬೆ ಇಲ್ಲ, ಬರೀ ನಾತ. ಸರಿಯಾಗಿದೆ ಎಂದು ಒಳಗೆ ಬಿಟ್ಟೆ.

ಜುಲೈ 24, ಗುರುವಾರ

ಉಕ್ಕಲಿಲ್ಲ.

ಕುದಿಯುವಷ್ಟು ಹೊತ್ತೂ ನಾನು ಪಾಂಚಿತಾಳ ಮುಂದೆ ನಿಂತು, ಈ ಸಲ ಉಕ್ಕಿದರೆ ನಿನ್ನ ಕಥೆ ಮುಗಿಸುತ್ತೇನೆ ಎಂದು ಬೈಯುತ್ತಲೇ ಇದ್ದೆ. ಆಮೇಲೆ ಸೋಸಿದರು, ತಣಿಸಿದರು, ಒಣಗಿಸಿದರು. ಇವತ್ತು ಹಿಮೇನಾ ಒಂದು ತಟ್ಟೆ ತಂದು ಎದುರಿಗಿಟ್ಟಳು. ಬಿಳಿ. ಅಕ್ಕಿ ತರಿಯ ಹಾಗೆ ಬಿಳಿ ಹರಳು. ಆ ಕಪ್ಪು ಎಣ್ಣೆ ಬಾಟಲಿಗಳಿಂದ, ಆ ಜಿರಳೆ ಹಿಕ್ಕೆಯಿಂದ. ಇಷ್ಟು ದಿನ ಇದು ಅದರೊಳಗೇ ಇತ್ತೇ? ಹಾಗಿದ್ದರೆ ಜನ ಅದನ್ನು ನಮ್ಮ ಮುಖಕ್ಕೆ ಯಾಕೆ ಎಸೆಯುತ್ತಿದ್ದರು?

ಒಂದು ಹಿಡಿ ಸೀಸೆಗೆ ಹಾಕಿಕೊಟ್ಟಳು. ಮೆಟ್ಟಿಲು ಹತ್ತಿ ಹೋಗಿ ಫೋರ್ತುನಾತಾಳ ಎಡಗೈಗೆ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿದಳು. "ಇದು ನಮ್ಮ ಗುಡ್ಡೆನಾ?" ಎಂದಳು.

"ಅಲ್ಲ, ನಿನ್ನ ಸಾರಿಗೆ ಉಪ್ಪು" ಎಂದೆ. ಅವಳು ಅಳತೊಡಗಿದಳು. ಈ ಹೆಂಗಸಿಗೆ ಎಲ್ಲದಕ್ಕೂ ಅಳು.

ಜುಲೈ 31, ಗುರುವಾರ

ಬೀಗ ಹಿಡಿದುಕೊಂಡು ನಗರಸಭೆಯ ಮನುಷ್ಯ ಬಂದ. ರಾಷ್ಟ್ರದಿನಕ್ಕೆ ಕಟ್ಟಿದ ಬಾವುಟ ಇನ್ನೂ ಶೆಡ್ಡಿನ ಮೇಲಿತ್ತು, ಹಿಂದೆ ಕಾರ್ಖಾನೆಯ ಲಾರಿ ನಿಂತಿತ್ತು, ಗುಡ್ಡೆಯ ಅರ್ಧ ಹೋಗಿ ಹಿಂದಿನ ಗೋಡೆ ಕಾಣುತ್ತಿತ್ತು. ಆ ಗೋಡೆಯ ಬಣ್ಣ ನೀಲಿ ಎಂದು ನಮಗೇ ಮರೆತುಹೋಗಿತ್ತು. ಉಳಿದದ್ದೂ ಹೋಗುವುದು ಖಾತ್ರಿ ಮಾಡಿಕೊಂಡು, ಬೀಗವನ್ನು ಜೇಬಿಗೆ ಹಾಕಿಕೊಂಡ. ಎಮೋಲಿಯೆಂತೆ ಕಷಾಯ ಕುಡಿದು ಹೋಗಿ ಎಂದು ಸಬೀನಾ ಬಿಸಿ ಗ್ಲಾಸು ಕೊಟ್ಟಳು. ನಾನಾಗಿದ್ದರೆ ತಲೆಯ ಮೇಲೆ ಸುರಿಯುತ್ತಿದ್ದೆ.

ಆಗಸ್ಟ್ 6, ಬುಧವಾರ

ಪಕ್ಕದ ಗುಡ್ಡದ ಸಂಘದವರು ಮೊದಲ ಸಲ ಗೇಟಿಗೆ ಬಾಟಲಿ ತಂದರು. ಬಿಚ್ಚಿದರೆ ಫಳಫಳ!

"ಯಾರು ಹೇಳಿದ್ರು ನಿಮಗೆ ತೊಳೀರಿ ಅಂತ?" ಎಂದು ಅಂಗಳ ನಡುಗುವಂತೆ ಕೂಗಿದೆ. "ನನ್ನ ಮಗು ಇದನ್ನ ತಿಂದ್ರೆ ಏನಾಗತ್ತೆ ಗೊತ್ತಾ? ಎತ್ಕೊಂಡ್ಹೋಗಿ!"

ಅವರ ಮುಂದಾಳು ಪಾಪ ಹಬ್ಬಕ್ಕೆ ಹೊದೆಯುವಂಥ ಒಳ್ಳೆಯ ಶಾಲು ಹೊದ್ದು ಬಂದಿದ್ದಳು. ಅವಳ ಮುಖ ಸಣ್ಣಗಾಯಿತು. ನನಗೆ ಏನೋ ಆಗಿ, ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿ, ಬಿಸಿ ನೀರು ಕೊಟ್ಟು, ಎಲ್ಲ ಮೊದಲಿಂದ ವಿವರಿಸಿದೆ. ಅರ್ಧ ದಿನ ಹಾಳು.

ಆಗಸ್ಟ್ 14, ಗುರುವಾರ

ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಬ್ಯಾಂಡೇಜು ಬಿಚ್ಚಿದರು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದೆ. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ನಾನು ಡಾಕ್ಟರಿಗೆ ಬೈದೆ. ಮಡಚುವುದಿಲ್ಲ ಎಂದು ಹೇಳಲು ಓದಬೇಕೇ?

ಬಂದದ್ದಕ್ಕೆ ನನ್ನ ತೋಳಿಗೂ ಪಟ್ಟಿ ಸುತ್ತಿದರು. ನರ್ಸ್ ಮುಳ್ಳು ನೋಡಿ, ಮತ್ತೊಮ್ಮೆ ಗಾಳಿ ತುಂಬಿ, ಮತ್ತೆ ನೋಡಿದಳು. "ಪ್ರೆಶರ್ ಇಳಿದಿದೆ ಸೆನ್ಯೋರಾ! ಬರೆದಿದ್ದಕ್ಕೇ ನೋಡಿ" ಎಂದಳು. ನಿನ್ನ ಯಂತ್ರ ಕೆಟ್ಟಿದೆ, ರಿಪೇರಿ ಮಾಡಿಸು ಎಂದು ಹೇಳಿ ಬಂದೆ.

ಅಲ್ಲಿಂದ ನೇರ ಕಾರ್ಖಾನೆಗೆ. ಇವತ್ತಿನಿಂದ ಅವಳ ಜಾಗ ಅವಳಿಗೆ. ಚೀಲದಿಂದ ಕೋಟು ತೆಗೆದು ಕೊಟ್ಟೆ. ಒಗೆದು ಇಸ್ತ್ರಿ ಮಾಡಿಟ್ಟಿದ್ದೆ, ಸುಟ್ಟ ಮಣಿಕಟ್ಟು ಮುಚ್ಚಲಿ ಎಂದು ತೋಳಿನ ಅಂಚನ್ನೂ ಬಿಚ್ಚಿ ಉದ್ದ ಮಾಡಿದ್ದೆ. ಅವಳು ತೊಟ್ಟುಕೊಂಡಳು. ಗುಂಡಿ ಹಾಕಲು ನೋಡಿದಳು. ಬೆರಳು ಕೇಳಲಿಲ್ಲ. ಮತ್ತೆ ನೋಡಿದಳು. ಲಾರಿಯವರು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದರು.

"ಬಿಡೇ ಕೊಮಾದ್ರೆ, ಬಿಚ್ಚಿದ್ರೂ ನಡಿಯತ್ತೆ" ಎಂದಳು.

ನಡೆಯುತ್ತದಂತೆ! ಗೇಟಿನಲ್ಲಿ ನಿಲ್ಲುವವಳು ಎದೆ ಬಿಚ್ಚಿಕೊಂಡು ನಿಂತರೆ ಜನ ಏನೆನ್ನುತ್ತಾರೆ? ಅವಳ ಕೈ ಸರಿಸಿ, ಎದುರಿಗೆ ನಿಂತು, ಕೊರಳಿನಿಂದ ಕೆಳಗಿನ ತನಕ ಒಂದೊಂದೇ ಗುಂಡಿ ಹಾಕಿದೆ. ಬೈಯುತ್ತಲೇ ಹಾಕಿದೆ. ನಾಳೆಯೂ ಬೆಳಗ್ಗೆ ಹೋಗಿ ಹಾಕಬೇಕು. ಈ ಹೆಂಗಸಿನಿಂದ ನನಗೆ ಬಿಡುಗಡೆಯೇ ಇಲ್ಲ.